ನಿಂತಲ್ಲಿಂದ ನೆಗೆದವನು

ಅಂಗಳದಲ್ಲಿ ಒಂದು ಗೆರೆ ಎಳೆದು, ಪಾದಗಳೆರಡನ್ನೂ ಜೋಡಿಸಿ ನಿಂತು, ಒಂದು ಹೆಜ್ಜೆಯೂ ಓಡದೆ ಮುಂದಕ್ಕೆ ನೆಗೆದು ನೋಡಿ. ಆರು ಅಡಿ ದಾಟಿದರೆ ನಿಮ್ಮ ಬೆನ್ನನ್ನು ನೀವೇ ತಟ್ಟಿಕೊಳ್ಳಬಹುದು. ಹೀಗೆಯೇ ನೆಗೆದು ೧೧ ಅಡಿಗೂ ಮಿಕ್ಕಿ ಹೋದವನೊಬ್ಬನಿದ್ದನು. ಬಾಲ್ಯದಲ್ಲಿ ಆತನ ಕಾಲುಗಳ ಆಸೆಯನ್ನೇ ವೈದ್ಯರು ಬಿಟ್ಟಿದ್ದರೆಂದರೆ ನಂಬುವಿರಾ?

ಆತನ ಹೆಸರು ರೇ ಯೂರಿ. ಅಮೆರಿಕದ ಇಂಡಿಯಾನಾ ಸಂಸ್ಥಾನದ ಲಫಾಯೆಟ್ ಪಟ್ಟಣದಲ್ಲಿ ೧೮೭೩ರಲ್ಲಿ ಹುಟ್ಟಿದನು. ಎಳವೆಯಲ್ಲಿಯೇ ಪೋಲಿಯೋ ತಗಲಿತು. ಈ ರೋಗವು ಮಾಂಸಖಂಡವನ್ನು ನೇರವಾಗಿ ತಿನ್ನುವುದಿಲ್ಲ. ಅದನ್ನು ಆಡಿಸುವ ನರಗಳನ್ನು ಕೊಲ್ಲುತ್ತದೆ. ಆಜ್ಞೆ ತಲುಪದ ಖಂಡವು ದಿನದಿನಕ್ಕೆ ಸೊರಗುತ್ತದೆ. ಆದರೆ ಕೆಲವು ನರಗಳು ಬದುಕಿ ಉಳಿದಿದ್ದರೆ, ಅವು ಕವಲೊಡೆದು ನೆರೆಯ ಎಳೆಗಳನ್ನೂ ವಹಿಸಿಕೊಳ್ಳುವುದುಂಟು. ಆಗ ವ್ಯಾಯಾಮವು ಫಲ ಕೊಡುತ್ತದೆ. ಹುಡುಗನು ಬಿಡದೆ ಕಾಲುಗಳಿಗೆ ವ್ಯಾಯಾಮ ಕೊಟ್ಟನು. ಮೊದಲು ನಡಿಗೆ ಬಂದಿತು. ಬಳಿಕ ನೆಗೆತವೂ ಬಂದಿತು.

ಓಡಿ ನೆಗೆಯುವವನಿಗೆ ಓಟದ ವೇಗವು ಕೈಗಡವಾಗಿ ಒದಗುತ್ತದೆ. ನಿಂತು ನೆಗೆಯುವವನಿಗೆ ಅಂಥ ಸಾಲವಿಲ್ಲ. ಮಂಡಿ ಬಗ್ಗಿಸಿ, ತೋಳುಗಳನ್ನು ಹಿಂದಕ್ಕೊಯ್ದು ಮುಂದಕ್ಕೆ ಬೀಸಿ, ತೊಡೆಯ ಬಲವನ್ನೆಲ್ಲ ಒಂದೇ ಕ್ಷಣದಲ್ಲಿ ಸುರಿಯಬೇಕು. ಯೂರಿ ಗೆದ್ದದ್ದು ಕಾಲಿನ ಬಲವನ್ನೇ ನಂಬಿದ ಈ ಸ್ಪರ್ಧೆಗಳಲ್ಲಿ.

೧೯೦೦ರ ಜುಲೈ ೧೬ರಂದು, ಪ್ಯಾರಿಸ್ಸಿನ ಒಲಿಂಪಿಕ್ ಕೂಟದಲ್ಲಿ, ನಿಂತು ನೆಗೆಯುವ ಎತ್ತರ, ಉದ್ದ, ಮೂರು ನೆಗೆತ ಈ ಮೂರನ್ನೂ ಒಂದೇ ದಿನ ಗೆದ್ದನು. ೧೯೦೪ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಮತ್ತೆ ಮೂರೂ ಆತನವೇ ಆದವು. ಉದ್ದ ನೆಗೆತದಲ್ಲಿ ಆತನು ೩.೪೭ ಮೀಟರು ದಾಟಿ ವಿಶ್ವದಾಖಲೆ ಬರೆದದ್ದು ಅಲ್ಲಿಯೇ. ಮೂರು ನೆಗೆತದ ಸ್ಪರ್ಧೆಯನ್ನು ಆಮೇಲೆ ಕೈಬಿಡಲಾಯಿತು. ೧೯೦೮ರಲ್ಲಿ ಲಂಡನ್ನಿನಲ್ಲಿ ಉಳಿದೆರಡನ್ನೂ ಗೆದ್ದನು. ಆಗ ವಯಸ್ಸು ೩೪. ಒಟ್ಟು ಎಂಟು ಪ್ರಥಮ ಸ್ಥಾನಗಳು, ಸೋಲು ಒಂದೂ ಇಲ್ಲ! ಒಬ್ಬನೇ ಸ್ಪರ್ಧಿಸಿ ಗಳಿಸಿದ ಇಷ್ಟು ಒಲಿಂಪಿಕ್ ವಿಜಯಗಳನ್ನು ಮೀರಿಸಲು ೨೦೦೮ರಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಬರಬೇಕಾಯಿತು.

ಹಾಗಾದರೆ ಈ ಹೆಸರು ನಮ್ಮ ಕಿವಿಗೆ ಏಕೆ ಬಿದ್ದಿಲ್ಲ? ೧೯೧೨ರ ಕೂಟದ ತರುವಾಯ ನಿಂತು ನೆಗೆಯುವ ಸ್ಪರ್ಧೆಗಳನ್ನೇ ಒಲಿಂಪಿಕ್ಸಿನಿಂದ ತೆಗೆದುಹಾಕಿದರು. ಪಂದ್ಯ ಹೋಯಿತು, ಅದರೊಡನೆ ಕೀರ್ತಿಯೂ ಮಸುಕಾಯಿತು. ಆದರೆ ಯೂರಿಯ ಜೀವನ ಪದಕಗಳ ಮೇಲೆ ನಿಂತಿರಲಿಲ್ಲ. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓದಿ ಎಂಜಿನಿಯರಾದ ಆತನು ನ್ಯೂಯಾರ್ಕ್ ನಗರದಲ್ಲಿ ಆ ವೃತ್ತಿಯನ್ನೇ ನಡೆಸಿ, ೧೯೩೭ರಲ್ಲಿ ತೀರಿಕೊಂಡನು.

ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ಒಂದು ಮಾತು ನೆನಪಿನಲ್ಲಿರಲಿ. ಸತ್ತ ನರವನ್ನು ಯಾವ ಛಲವೂ ಎಬ್ಬಿಸಲಾರದು. ಆದುದರಿಂದ ಕಾಲು ಬಾರದ ಮಗುವನ್ನು ‘ನಿನಗೆ ಯತ್ನ ಸಾಲದು’ ಎಂದು ನೋಯಿಸಬಾರದು. ಆದರೆ ಎಷ್ಟು ಬಲ ಉಳಿದಿದೆಯೆಂಬುದು ದುಡಿಸಿ ನೋಡುವವರೆಗೆ ಯಾರಿಗೂ ತಿಳಿಯದು. ಆದುದರಿಂದ ‘ನಿನ್ನಿಂದಾಗದು’ ಎಂದು ಮೊದಲೇ ತೀರ್ಪು ಕೊಡಲೂಬಾರದು.