ಕಾರಿನ ರೇಡಿಯೇಟರ್ ಕೆಟ್ಟರೆ ಮನೆಯಂಗಳದಲ್ಲೇ ಬದಲಾಯಿಸಬಹುದು

ಬೇಸಿಗೆಯ ಮಧ್ಯಾಹ್ನ ಶಿರಾಡಿ ಘಾಟಿಯ ಏರಿನಲ್ಲಿ ಬಾನೆಟ್ ಎತ್ತಿ ನಿಂತ ಕಾರು ಅಪರೂಪದ ದೃಶ್ಯವೇನಲ್ಲ. ಮುಂಭಾಗದಿಂದ ಏಳುವ ಹಬೆ, ನೆಲದ ಮೇಲೆ ಹರಿದ ಹಸಿರು ನೀರು, ಪಕ್ಕದಲ್ಲಿ ಬಾಟಲಿ ಹಿಡಿದು ನಿಂತ ಚಾಲಕ. ಕಾರನ್ನು ಹೀಗೆ ನಡುದಾರಿಯಲ್ಲಿ ನಿಲ್ಲಿಸುವ ದೋಷಗಳಲ್ಲಿ ರೇಡಿಯೇಟರ್ ಸೋರಿಕೆಯೂ ಒಂದು. ಗ್ಯಾರೇಜಿನಲ್ಲಿ ಅದನ್ನು ಬದಲಾಯಿಸಿದಾಗ ಬಿಡಿಭಾಗದ ಬೆಲೆಯ ಜತೆಗೆ ಕೂಲಿಯೂ ಬಿಲ್ಲಿಗೆ ಸೇರುತ್ತದೆ. ಮಾರುತಿ 800, ಆಲ್ಟೊದಂತಹ ಸರಳ ರಚನೆಯ ಸಣ್ಣ ಕಾರುಗಳಲ್ಲಿ ಅರ್ಧ ದಿನದ ಬಿಡುವಿದ್ದವರು ಈ ಕೂಲಿಯನ್ನು ಉಳಿಸಿಕೊಳ್ಳಬಹುದು. ಆದರೆ ಆ ಉಳಿತಾಯ ನಿಜವಾಗಬೇಕಾದರೆ ಸ್ಪ್ಯಾನರ್ ಹಿಡಿಯುವ ಮೊದಲು ಎರಡು ಸಂಗತಿಗಳು ಖಚಿತವಾಗಬೇಕು: ಕೆಟ್ಟಿರುವುದು ರೇಡಿಯೇಟರೇ ಎಂಬುದು ಒಂದು, ಎಂಜಿನ್ ಪೂರ್ತಿ ತಣಿದಿದೆ ಎಂಬುದು ಇನ್ನೊಂದು.

ರೇಡಿಯೇಟರ್ ಮಾಡುವುದೇನು?

ಎಂಜಿನ್‌ನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಶಾಖವಾಗಿ ತಣಿಸುವ ದ್ರವಕ್ಕೆ ಸೇರುತ್ತದೆ. ಕೂಲೆಂಟ್ ಎಂದು ಕರೆಯುವ ಈ ದ್ರವವನ್ನು ಪಂಪು ಎಂಜಿನ್‌ನ ಸುತ್ತ ಹರಿಸಿ ರೇಡಿಯೇಟರ್‌ಗೆ ತಳ್ಳುತ್ತದೆ. ಅಲ್ಲಿನ ತೆಳುವಾದ ಕೊಳವೆಗಳಲ್ಲಿ ಇಳಿಯುವಾಗ ಎದುರುಗಾಳಿ ಅಥವಾ ಫ್ಯಾನಿನ ಗಾಳಿ ಅದರ ಶಾಖವನ್ನು ಹೊತ್ತೊಯ್ಯುತ್ತದೆ. 1886ರಲ್ಲಿ ಕಾರ್ಲ್ ಬೆಂಜ್ ರೂಪಿಸಿದ ಮೊದಲ ವಾಹನದಲ್ಲಿ ನೀರು ಆವಿಯಾಗಿ ಹೋಗುತ್ತಿದ್ದುದರಿಂದ ಪದೇ ಪದೇ ತುಂಬಿಸಬೇಕಾಗಿತ್ತು. ಸುಮಾರು 1900ರ ವೇಳೆಗೆ ವಿಲ್ಹೆಲ್ಮ್ ಮೇಬ್ಯಾಕ್ ಜೇನುಗೂಡಿನಂತಹ ರೇಡಿಯೇಟರ್ ರೂಪಿಸಿ ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿದ.

ಹಳೆಯ ಅಂಬಾಸಿಡರ್ ಕಾಲದ ತಾಮ್ರ-ಹಿತ್ತಾಳೆಯ ರೇಡಿಯೇಟರ್ ಸೋರಿದರೆ ಬೆಸುಗೆ ಹಾಕಿಸಿ ಮತ್ತೆ ವರ್ಷಗಟ್ಟಲೆ ಓಡಿಸುತ್ತಿದ್ದರು. ಇಂದಿನ ಕಾರುಗಳಲ್ಲಿ ಕೊಳವೆಗಳು ಅಲ್ಯೂಮಿನಿಯಂನವು, ಎರಡು ತುದಿಯ ತೊಟ್ಟಿಗಳು ಪ್ಲಾಸ್ಟಿಕ್‌ನವು. ಬಿಸಿಯೂ ತಂಪೂ ತಗಲಿ ತಗಲಿ ಪ್ಲಾಸ್ಟಿಕ್ ಪೆಡಸಾಗಿ ಬಿರುಕು ಬಿಟ್ಟರೆ ಬೆಸುಗೆಗೆ ಅವಕಾಶವಿಲ್ಲ. ಅಂಟು ಹಚ್ಚಿದರೆ ಅದು ತಾತ್ಕಾಲಿಕ ಉಪಾಯವಷ್ಟೇ, ಬದಲಾವಣೆಯೇ ದಾರಿ.

ದೋಷ ಎಲ್ಲಿದೆ?

ಕಾರು ಬಿಸಿಯಾದ ಮಾತ್ರಕ್ಕೆ ರೇಡಿಯೇಟರ್ ಕೆಟ್ಟಿತೆಂದು ತೀರ್ಮಾನಿಸುವುದು ತಪ್ಪು. ಹೆದ್ದಾರಿಯಲ್ಲಿ ಸರಿಯಿದ್ದು, ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಬಿಸಿಯಾಗುತ್ತಿದ್ದರೆ ಮೊದಲ ಅನುಮಾನ ಫ್ಯಾನಿನ ಮೇಲೆ. ಎಂಜಿನ್ ಕುದಿಯುವಂತಿದ್ದರೂ ರೇಡಿಯೇಟರ್‌ನ ಕೆಳಗಿನ ರಬ್ಬರ್ ಹೋಸ್ ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆಯುತ್ತಿಲ್ಲದಿರಬಹುದು. ಹೋಸ್, ಅದರ ಕ್ಲಿಪ್ಪು, ಮುಚ್ಚಳದ ರಬ್ಬರ್, ನೀರಿನ ಪಂಪು, ಇವೆಲ್ಲವೂ ಸೋರಬಲ್ಲವು. ಇವು ಬಿಡಿಬಿಡಿಯಾಗಿ ಬದಲಾಗುವ ಭಾಗಗಳು. ಅವುಗಳ ದೋಷಕ್ಕೆ ರೇಡಿಯೇಟರ್ ಕೊಳ್ಳುವುದು ದಂಡ.

ತೊಟ್ಟಿ ಮತ್ತು ಕೊಳವೆಗಳು ಸೇರುವ ಅಂಚಿನಲ್ಲಿ ಒಣಗಿದ ಬಣ್ಣದ ಕಲೆ, ಪ್ಲಾಸ್ಟಿಕ್‌ನಲ್ಲಿ ಕೂದಲೆಳೆಯಂತಹ ಬಿರುಕು, ಒತ್ತಿದರೆ ಪುಡಿಯಾಗುವ ರೆಕ್ಕೆಗಳು, ಇವು ರೇಡಿಯೇಟರ್ ಮುಗಿದ ಲಕ್ಷಣಗಳು. ಇದಕ್ಕೆ ಬದಲಾಗಿ ಎಂಜಿನ್ ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಅಥವಾ ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದೆ ಬಂದರೆ ಕೂಲೆಂಟ್ ಎಂಜಿನ್‌ನ ಒಳಗೇ ಸೋರುತ್ತಿರುವ ಸಂಭವ ಹೆಚ್ಚು. ಆ ಕಾರನ್ನು ನೇರವಾಗಿ ಮೆಕ್ಯಾನಿಕ್ ಬಳಿಗೆ ಒಯ್ಯಬೇಕು. ಓಡಿಸದೆ, ಎಳೆಸಿಕೊಂಡು ಹೋಗುವುದೇ ಲೇಸು.

ತಣಿಯುವವರೆಗೆ ಮುಚ್ಚಳ ಮುಟ್ಟಬಾರದು

ಮುಚ್ಚಳ ಬಿಗಿದಿರುವಾಗ ರೇಡಿಯೇಟರ್‌ನೊಳಗೆ ಹೊರಗಿನ ವಾಯುವಿಗಿಂತ ಸುಮಾರು 1 ಬಾರ್‌ನಷ್ಟು ಹೆಚ್ಚು ಒತ್ತಡವಿರುತ್ತದೆ. ಆ ಒತ್ತಡದಲ್ಲಿ ನೀರು 100 ಡಿಗ್ರಿಗಲ್ಲ, 120 ಡಿಗ್ರಿ ಸೆಲ್ಸಿಯಸ್ ಸಮೀಪದಲ್ಲಿ ಕುದಿಯುತ್ತದೆ. ಬಿಸಿ ಎಂಜಿನ್‌ನ ಮುಚ್ಚಳ ತಿರುಗಿಸಿದೊಡನೆ ಒತ್ತಡ ಇಳಿದು, ಒಳಗಿನ ದ್ರವ ಒಮ್ಮೆಲೇ ಕುದಿದು ಮುಖಕ್ಕೂ ಕೈಗೂ ಚಿಮ್ಮುತ್ತದೆ. ಮೇಲೆ ಬಟ್ಟೆ ಹಾಕಿ ತೆರೆಯುವ ಸಾಹಸವೂ ಸುರಕ್ಷಿತವಲ್ಲ. ಸುಟ್ಟರೆ ಆ ಭಾಗವನ್ನು 20 ನಿಮಿಷ ಹರಿಯುವ ತಣ್ಣೀರಿನಡಿ ಹಿಡಿದು ವೈದ್ಯರನ್ನು ಕಾಣಬೇಕು. ಹಿಂದಿನ ರಾತ್ರಿ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಕೈಗೆತ್ತಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು.

ಕೆಲಸದ ಕ್ರಮ

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಬ್ಯಾಟರಿಯ ಋಣ ತಂತಿಯನ್ನು ಕಳಚಬೇಕು. ಕೆಲವು ಕಾರುಗಳಲ್ಲಿ ಕೀಲಿ ತೆಗೆದಿದ್ದರೂ ಫ್ಯಾನು ತಾನಾಗಿ ತಿರುಗಬಲ್ಲದು. ಕೆಳಗೆ ಅಗಲವಾದ ಬೋಗುಣಿಯಿಟ್ಟು, ಮುಚ್ಚಳ ತೆರೆದು, ತಳದ ಬಿರಡೆಯನ್ನು ಸಡಿಲಿಸಿ ಕೂಲೆಂಟ್ ಇಳಿಸಬೇಕು. ಬಿರಡೆ ಇಲ್ಲದಿದ್ದರೆ ಕೆಳಗಿನ ಹೋಸ್ ಬಿಚ್ಚಿದರಾಯಿತು.

ಬಿಚ್ಚುವ ಮೊದಲು ಪ್ರತಿಯೊಂದು ಜೋಡಣೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳುವುದು ಜಾಣತನ. ಅಂಟಿಕೊಂಡ ಹೋಸನ್ನು ಸ್ಕ್ರೂಡ್ರೈವರಿನಿಂದ ಮೀಟದೆ, ತಿರುವಿ ಸಡಿಲಿಸಬೇಕು. ಬಿರುಕು ಬಿಟ್ಟ ಅಥವಾ ಊದಿಕೊಂಡ ಹೋಸನ್ನು ಇದೇ ಸಂದರ್ಭದಲ್ಲಿ ಬದಲಾಯಿಸುವುದು ಮಿತವ್ಯಯವೇ. ನಂತರ ಫ್ಯಾನಿನ ತಂತಿ ಕಳಚಿ, ಮೇಲಿನ ಬೋಲ್ಟುಗಳನ್ನು ತೆಗೆದು, ಫ್ಯಾನನ್ನೂ ರೇಡಿಯೇಟರನ್ನೂ ಮೇಲೆತ್ತಬೇಕು. ಮುಂದಿರುವ ಎ.ಸಿ. ಕಂಡೆನ್ಸರ್ ಕೊಳವೆಗಳನ್ನು ಬಿಚ್ಚಲೇಬಾರದು. ಅವುಗಳಲ್ಲಿ ಒತ್ತಡದ ಅನಿಲವಿರುತ್ತದೆ.

ಹೊಸದನ್ನು ಕೂರಿಸುವ ಮೊದಲು ಹಳೆಯದರ ಪಕ್ಕದಲ್ಲಿಟ್ಟು ಕೊಳವೆಯ ಬಾಯಿ, ಬೋಲ್ಟಿನ ಸ್ಥಾನ, ದಪ್ಪ ಇವನ್ನು ಹೋಲಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆಗೆ ಹೋಗುವವರು ಕಾರಿನ ಮಾದರಿ, ತಯಾರಿಕೆಯ ವರ್ಷ, ಪೆಟ್ರೋಲೋ ಡೀಸೆಲ್ಲೋ, ಎ.ಸಿ. ಇದೆಯೇ ಎಂಬ ವಿವರ ಬರೆದೊಯ್ದರೆ ಎರಡನೆಯ ಸಲ ಅಲೆಯುವುದು ತಪ್ಪುತ್ತದೆ. ತಳದ ರಬ್ಬರ್ ಗುಂಡಿಗಳನ್ನು ಹೊಸದಕ್ಕೆ ವರ್ಗಾಯಿಸಿ, ಬೋಲ್ಟುಗಳನ್ನು ಮೊದಲು ಕೈಯಿಂದ ತಿರುಗಿಸಿ, ಬಳಿಕ ಹದವಾಗಿ ಬಿಗಿಯಬೇಕು. ಅತಿಯಾಗಿ ಬಿಗಿದರೆ ಹೊಸ ಪ್ಲಾಸ್ಟಿಕ್ಕೇ ಸೀಳುತ್ತದೆ.

ಗಾಳಿ ಹೊರಹೋಗಲಿ, ಗಡಸು ನೀರು ಒಳಬಾರದಿರಲಿ

ಕೈಪಿಡಿಯಲ್ಲಿ ಹೇಳಿದ ಬಗೆಯ ಕೂಲೆಂಟನ್ನೇ ತುಂಬಬೇಕು. ಸಾಂದ್ರ ರೂಪದ್ದಾದರೆ ಡಬ್ಬಿಯ ಮೇಲೆ ಸೂಚಿಸಿದ ಪ್ರಮಾಣದಲ್ಲಿ, ಸಾಮಾನ್ಯವಾಗಿ ಅರ್ಧಕ್ಕರ್ಧ, ಡಿಸ್ಟಿಲ್ಡ್ ನೀರು ಬೆರೆಸಬೇಕು. ಕೊಳವೆಬಾವಿಯ ಗಡಸು ನೀರು ಗೀಸರಿನಲ್ಲಿ ಕಟ್ಟುವ ಬಿಳಿ ಪದರವನ್ನೇ ರೇಡಿಯೇಟರ್‌ನ ಕೊಳವೆಗಳಲ್ಲೂ ಕಟ್ಟುತ್ತದೆ. ಹೊಸ ರೇಡಿಯೇಟರ್ ಮತ್ತೆ ಬೇಗನೆ ಕೆಡಲು ಇದೊಂದೇ ಕಾರಣ ಸಾಕು.

ಕೂಲೆಂಟನ್ನು ನಿಧಾನವಾಗಿ ಸುರಿದು, ಬ್ಯಾಟರಿ ತಂತಿ ಜೋಡಿಸಿ, ತಣ್ಣನೆಯ ಎಂಜಿನ್‌ನ್ನು ಮುಚ್ಚಳ ತೆರೆದಿಟ್ಟೇ ಚಾಲೂ ಮಾಡಬೇಕು. ಹೀಟರನ್ನು ಪೂರ್ಣ ಬಿಸಿಗೆ ಇಡಬೇಕು. ಗುಳ್ಳೆಗಳು ಎದ್ದಂತೆ ಮಟ್ಟ ಇಳಿಯುತ್ತದೆ. ಅಷ್ಟಷ್ಟೇ ತುಂಬುತ್ತ ಹೋಗಬೇಕು. ಕೆಳಗಿನ ಹೋಸ್ ಬಿಸಿಯಾಗತೊಡಗಿದರೆ ಥರ್ಮೋಸ್ಟಾಟ್ ತೆರೆದಿದೆ ಎಂದರ್ಥ. ಗುಳ್ಳೆ ನಿಂತ ಮೇಲೆ, ದ್ರವ ಉಕ್ಕುವ ಮೊದಲೇ, ಮುಚ್ಚಳ ಬಿಗಿದು ಫ್ಯಾನು ತಾನಾಗಿ ತಿರುಗುವವರೆಗೆ ಕಾಯಬೇಕು. ಮರುದಿನ ಬೆಳಿಗ್ಗೆ ಮತ್ತೊಮ್ಮೆ ಮಟ್ಟ ನೋಡುವುದು ಅಗತ್ಯ. ಒಳಗೆ ಸಿಕ್ಕಿಕೊಂಡ ಗಾಳಿಯೂ ಎಂಜಿನ್‌ನ್ನು ಕಾಯಿಸಬಲ್ಲದು.

ಬೋಗುಣಿಯಲ್ಲಿ ಉಳಿದ ಹಳೆಯ ಕೂಲೆಂಟ್ ಸಿಹಿಯಾಗಿರುತ್ತದೆ, ಆದರೆ ವಿಷ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ನಾಯಿ, ಬೆಕ್ಕು, ಮಕ್ಕಳ ಪ್ರಾಣಕ್ಕೇ ಎರವಾಗಬಲ್ಲದು. ಚರಂಡಿಗಾಗಲಿ ತೋಟಕ್ಕಾಗಲಿ ಸುರಿಯದೆ, ಮುಚ್ಚಿದ ಡಬ್ಬದಲ್ಲಿಟ್ಟು ತ್ಯಾಜ್ಯ ಸ್ವೀಕರಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಬೇಕು.

ಎಲ್ಲರಿಗೂ ಅಲ್ಲ

ವಾರಂಟಿಯಲ್ಲಿರುವ ಕಾರು, ಅಪಘಾತದಲ್ಲಿ ಜಖಂಗೊಂಡು ವಿಮೆ ಕೇಳಬೇಕಾದ ಕಾರು, ಗೇರ್‌ಬಾಕ್ಸಿನ ಎಣ್ಣೆಯೂ ರೇಡಿಯೇಟರ್‌ನಲ್ಲೇ ತಣಿಯುವ ಆಟೊಮ್ಯಾಟಿಕ್ ಕಾರು, ಇವನ್ನು ಮನೆಯಲ್ಲಿ ಬಿಚ್ಚದಿರುವುದು ಒಳಿತು. ಉಳಿದವರೂ ಒಂದು ಲೆಕ್ಕವನ್ನು ಮರೆಯಬಾರದು. ಸೋರುವ ರೇಡಿಯೇಟರ್‌ಗೆ ನೀರು ಹಾಕುತ್ತ 'ಇನ್ನೊಂದು ವಾರ ಓಡಲಿ' ಎಂದುಕೊಂಡರೆ, ಕಾದ ಎಂಜಿನ್‌ನ ಅಲ್ಯೂಮಿನಿಯಂ ಹೆಡ್ ಬಾಗಿ, ಗ್ಯಾಸ್ಕೆಟ್ ಸುಟ್ಟು, ಎಂಜಿನ್‌ನ್ನೇ ಬಿಚ್ಚಿಸುವ ಪ್ರಮೇಯ ಬರುತ್ತದೆ. ಆ ಬಿಲ್ಲಿನ ಮುಂದೆ ಉಳಿಸಿದ ಕೂಲಿ ಏನೇನೂ ಅಲ್ಲ. ಮಾಪಕದ ಮುಳ್ಳು ಮೇಲೇರಿದಾಗ ಅಥವಾ ಕೆಂಪು ದೀಪ ಹೊತ್ತಿದಾಗ ಕಾರನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸುವುದೇ ಈ ಇಡೀ ಕೆಲಸದಲ್ಲಿ ಆಗುವ ಅತಿ ದೊಡ್ಡ ಉಳಿತಾಯ.