ಮನೆಯ ಹಾಡಿಗೆ ವಿದ್ಯುತ್ತಿನ ಸ್ವರ

ವಿದ್ಯುತ್ತಿನ ಮೂಲಕ ಸಂಗೀತವನ್ನು ಕೇಳುವುದು ನಮಗೆ ಹೊಸತಲ್ಲ. 1950ರ ಜನವರಿ 8ರಂದು ಧಾರವಾಡದ ಬಾನುಲಿ ಕೇಂದ್ರ ಆರಂಭವಾದ ಮೇಲೆ ಘಟ್ಟದ ಮೇಲಿನ ನಮ್ಮ ಊರುಗಳಿಗೂ ಹಾಡು ಗಾಳಿಯಲ್ಲಿ ತೇಲಿ ಬಂದಿತು. ಆದರೆ ಎಲ್ಲೋ ಹಾಡಿದ್ದನ್ನು ವಿದ್ಯುತ್ತು ಹೊತ್ತು ತರುವುದು ಒಂದು ಮಾತು. ವಿದ್ಯುತ್ತಿನಿಂದಲೇ ಸ್ವರವನ್ನು ಹುಟ್ಟಿಸುವುದು ಇನ್ನೊಂದು ಮಾತು. ಈ ಎರಡನೆಯ ಕೆಲಸವನ್ನು ಮಾಡುವ ಯಂತ್ರಕ್ಕೆ ಸಿಂಥಸೈಜರ್ ಎಂದು ಹೆಸರು. ಅದು ಈಗ ಕೀಬೋರ್ಡಿನ ರೂಪದಲ್ಲಿಯೋ, ಗಣಕಯಂತ್ರದೊಳಗಿನ ತಂತ್ರಾಂಶವಾಗಿಯೋ ಸಾಮಾನ್ಯ ಸಂಸಾರದ ಕೈಗೂ ಎಟುಕುತ್ತದೆ. ಯಲ್ಲಾಪುರದ ಒಂದು ಮನೆಯಲ್ಲಿ ಮಗ ಸ್ವಂತವಾಗಿ ಸಂಗೀತ ಕಟ್ಟಬೇಕೆನ್ನುತ್ತಾನೆ. ತಂದೆಗೆ ಮಳೆಗಾಲದ ತಾಳಮದ್ದಳೆಯನ್ನು ಮುದ್ರಿಸಿಡುವ ಆಸೆ. ತಾಯಿಗೆ ಭಜನೆಗೆ ಒಂದು ಶ್ರುತಿ ಬೇಕು. ಇರುವ ಹಣ ಒಂದೇ. ಅದರಲ್ಲಿ ಏನನ್ನು ಕೊಳ್ಳಬೇಕು, ಕೊಂಡದ್ದನ್ನು ಹೇಗೆ ಬಳಸಬೇಕು? ಇದನ್ನು ಇಲ್ಲಿ ವಿಚಾರಿಸೋಣ.

ಮೊದಲು ಯಂತ್ರದ ಒಳಗನ್ನು ನೋಡೋಣ. ಸಿಂಥಸೈಜರಿನಲ್ಲಿ ಮುಖ್ಯವಾದ ಅಂಗಗಳು ಮೂರು. ಒಂದನೆಯದು ಆಂದೋಲಕ, ಅದು ವಿದ್ಯುತ್ತನ್ನು ಸೆಕೆಂಡಿಗೆ ಇಷ್ಟು ಸಲ ಎಂದು ಅಲುಗಾಡಿಸಿ ಸ್ವರದ ಕಚ್ಚಾ ಸರಕನ್ನು ಒದಗಿಸುತ್ತದೆ. ಎರಡನೆಯದು ಶೋಧಕ ಅಥವಾ ಫಿಲ್ಟರ್. ಇದು ಜರಡಿಯ ಹಾಗೆ. ಕೀರಲು ಧ್ವನಿಯ ಅಂಶಗಳನ್ನು ತಡೆದರೆ ಸ್ವರ ಮೃದುವಾಗುತ್ತದೆ, ಬಿಟ್ಟರೆ ಹರಿತವಾಗುತ್ತದೆ. ಮೂರನೆಯದು ಸ್ವರದ ಏರಿಳಿತವನ್ನು ನಿಶ್ಚಯಿಸುವ ಭಾಗ. ಇಂಗ್ಲಿಷಿನಲ್ಲಿ ಇದನ್ನು ಎನ್ವಲಪ್ ಎನ್ನುತ್ತಾರೆ. ತಂಬೂರಿಯ ತಂತಿಯನ್ನು ಮೀಟಿದಾಗ ನಾದ ಥಟ್ಟನೆ ಎದ್ದು ಮೆಲ್ಲಗೆ ಕರಗುತ್ತದೆ. ಹಾರ್ಮೋನಿಯಂನಲ್ಲಿ ತಿದಿ ಒತ್ತುತ್ತಿರುವಷ್ಟು ಕಾಲವೂ ಅದು ಸಮನಾಗಿ ನಿಲ್ಲುತ್ತದೆ. ಈ ವ್ಯತ್ಯಾಸವನ್ನು ಯಂತ್ರದಲ್ಲಿ ತರುವುದು ಈ ಮೂರನೆಯ ಅಂಗ. ಯಂತ್ರದ ಮೇಲೆ ನೂರು ಗುಂಡಿಗಳಿದ್ದರೂ ಹೆಚ್ಚಿನವು ಈ ಮೂರರ ಪರಿವಾರವೇ. ಇಷ್ಟನ್ನು ತಿಳಿದವನಿಗೆ ಅಂಗಡಿಯಲ್ಲಿ ದಿಕ್ಕು ತಪ್ಪುವುದಿಲ್ಲ.

ಈ ವಿದ್ಯೆ ನಮ್ಮ ದೇಶಕ್ಕೆ ನಿನ್ನೆ ಮೊನ್ನೆ ಬಂದುದಲ್ಲ. ಅಮೆರಿಕದ ರಾಬರ್ಟ್ ಮೋಗ್ ತಮ್ಮ ಸಿಂಥಸೈಜರನ್ನು ಹೊರತಂದುದು 1964ರಲ್ಲಿ. ಐದೇ ವರ್ಷಗಳಲ್ಲಿ, ಅಂದರೆ 1969ರಲ್ಲಿ, ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಂಥ ಒಂದು ಯಂತ್ರ ನೆಲೆಗೊಂಡಿತು. 1982ರಲ್ಲಿ ಮುಂಬಯಿಯ ಚಿತ್ರಸಂಗೀತಗಾರ ಚರಣ್‌ಜಿತ್ ಸಿಂಗ್ ಅವರು ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಜೋಡಿಸಿ ಹತ್ತು ರಾಗಗಳ ಧ್ವನಿಮುದ್ರಿಕೆಯೊಂದನ್ನು ತಂದರು. ಇವೆಲ್ಲಕ್ಕಿಂತ ನಮ್ಮ ಮನೆಗಳಿಗೆ ಹತ್ತಿರವಾದ ಕೆಲಸ ನಡೆದುದು ಬೆಂಗಳೂರಿನಲ್ಲಿ. ಎಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ವಿದ್ಯುತ್ ತಂಬೂರಿಯನ್ನು ರೂಪಿಸಿದರು. ಅವರ ರಾಡೆಲ್ ಸಂಸ್ಥೆಯ ಹೆಸರು ಸಂಗೀತಗಾರರ ಬಾಯಲ್ಲಿ ಮನೆಮಾತಾಯಿತು. ನಾವು ಭಜನೆಗೆ ಹಚ್ಚುವ ಆ ಚಿಕ್ಕ ಶ್ರುತಿಪೆಟ್ಟಿಗೆಯೂ ಕುಲದಿಂದ ಸಿಂಥಸೈಜರೇ. ಆದುದರಿಂದ ಮೇಲಿನ ತಾಯಿಯ ಬೇಡಿಕೆಗೂ ಮಗನ ಬೇಡಿಕೆಗೂ ಅಂಥ ದೊಡ್ಡ ಅಂತರವೇನಿಲ್ಲ.

ಗಾಂಧಾರದ ಜಗಳ

ಶ್ರುತಿ ತಾಯಿ, ಲಯ ತಂದೆ ಎಂಬ ಮಾತು ಎಲ್ಲರಿಗೂ ತಿಳಿದದ್ದೇ. ಮನೆಯ ಮಣೆಯಂಥ ಕೀಬೋರ್ಡನ್ನು ಕೊಳ್ಳುವಾಗ ಮೊದಲು ಎದ್ದು ನಿಲ್ಲುವ ಪ್ರಶ್ನೆಯೂ ಈ ತಾಯಿಯದೇ. ಆಕಾಶವಾಣಿಯಲ್ಲಿ 1940ರಿಂದ 1971ರ ತನಕ ಹಾರ್ಮೋನಿಯಂಗೆ ಪ್ರವೇಶವಿರಲಿಲ್ಲ ಎಂಬುದನ್ನು ಹಿರಿಯ ಶ್ರೋತೃಗಳು ಬಲ್ಲರು. ಅದರ ಮೇಲಿದ್ದ ಆಕ್ಷೇಪಗಳಲ್ಲಿ ಮುಖ್ಯವಾದವು ಎರಡು: ಅದರ ಸ್ವರಸ್ಥಾನಗಳು ನಮ್ಮ ಗಾಯನಕ್ಕೆ ಸರಿಹೊಂದುವುದಿಲ್ಲ, ಅದರಲ್ಲಿ ಮೀಂಡು, ಗಮಕಗಳು ಬರುವುದಿಲ್ಲ. ಇಂದಿನ ಕೀಬೋರ್ಡಿಗೂ ಇದೇ ಆಕ್ಷೇಪಗಳು ಸಲ್ಲುತ್ತವೆ. ಆದರೆ ಸಿಂಥಸೈಜರಿನಲ್ಲಿ ಎರಡಕ್ಕೂ ಪರಿಹಾರವಿರುವುದು ಸಾಧ್ಯ. ಅದು ಇದೆಯೋ ಇಲ್ಲವೋ ಎಂದು ನೋಡಿ ಕೊಳ್ಳುವುದೇ ಜಾಣತನ.

ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಷಡ್ಜವನ್ನು ಸೆಕೆಂಡಿಗೆ 240 ಕಂಪನಗಳೆಂದು ಇಟ್ಟುಕೊಳ್ಳೋಣ. ತಂಬೂರಿಗೆ ಒಪ್ಪುವ ಪಂಚಮ 360. ಹಿಂದುಸ್ತಾನಿಯವರ ಶುದ್ಧ ಗಾಂಧಾರ, ಕರ್ನಾಟಕ ಪದ್ಧತಿಯವರ ಅಂತರ ಗಾಂಧಾರ, 300. ಕೀಬೋರ್ಡು ಸ್ಥಾಯಿಯನ್ನು ಹನ್ನೆರಡು ಸರಿಪಾಲು ಮಾಡಿ ಹಂಚುವುದರಿಂದ ಅದರ ಪಂಚಮ 359.6 ಆಗುತ್ತದೆ. ಈ ಕೊರತೆ ಕಿವಿಗೆ ಬೀಳುವಂಥದಲ್ಲ. ಆದರೆ ಅದರ ಗಾಂಧಾರ 302.4. ತಂಬೂರಿಯ ಷಡ್ಜದ ತಂತಿಯೊಳಗೇ ಅದರ ಐದು ಪಟ್ಟು ಕಂಪನದ ಒಂದು ಸೂಕ್ಷ್ಮ ಗಾಂಧಾರ ಮಿಡಿಯುತ್ತಿರುತ್ತದೆ. ಕೀಬೋರ್ಡಿನ ಗಾಂಧಾರಕ್ಕೂ ಅದಕ್ಕೂ ತಿಕ್ಕಾಟವಾಗಿ ಸೆಕೆಂಡಿಗೆ ಒಂಬತ್ತು ಹತ್ತು ಸಲ ನಾದ ನಡುಗುತ್ತದೆ. ಶ್ರುತಿಯೊಂದಿಗೆ ಕೀಬೋರ್ಡು ನುಡಿಸಿದಾಗ ಏನೋ ಒಂದು ಕಿರಿಕಿರಿ ಎನಿಸುವುದಕ್ಕೆ ಕಾರಣ ಇದು. ದಿನವೂ ಆ ಗಾಂಧಾರವನ್ನೇ ಅನುಸರಿಸಿ ಹಾಡಿದ ಮಗುವಿನ ಕಿವಿ ಆ ನಡುಕವನ್ನೇ ಸರಿಯೆಂದು ಒಪ್ಪಿಕೊಂಡುಬಿಡುವ ಅಪಾಯವುಂಟು. ನಷ್ಟ ಹಣದ್ದಲ್ಲ, ಕಿವಿಯದು.

ಆದುದರಿಂದ ಹುಬ್ಬಳ್ಳಿಯದಾಗಲಿ ಶಿರಸಿಯದಾಗಲಿ, ಅಂಗಡಿಗೆ ಹೋದಾಗ ‘ಇದರಲ್ಲಿ ಎಷ್ಟು ನೂರು ವಾದ್ಯಗಳ ಧ್ವನಿ ಇದೆ?’ ಎಂದು ಕೇಳಬೇಡಿ. ಆರುನೂರು ಧ್ವನಿಗಳಲ್ಲಿ ಮನೆಯಲ್ಲಿ ನಿಜವಾಗಿ ಬಳಕೆಗೆ ಬರುವುದು ಆರು. ಬದಲಾಗಿ ಈ ನಾಲ್ಕು ಸಂಗತಿಗಳನ್ನು ಪರೀಕ್ಷಿಸಿ. ಒಂದು: ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ಸ್ವಲ್ಪ ಇಳಿಸಿ ಏರಿಸುವ ಸೌಲಭ್ಯ ಇದೆಯೆ? ಇದನ್ನು ಸ್ಕೇಲ್ ಟ್ಯೂನಿಂಗ್ ಎನ್ನುತ್ತಾರೆ. ಪಕ್ಕಪಕ್ಕದ ಎರಡು ಮಣೆಗಳ ನಡುವಿನ ಅಂತರವನ್ನು ನೂರು ಸೆಂಟುಗಳೆಂದು ಎಣಿಸಿದರೆ, ನಮ್ಮ ಗಾಂಧಾರಕ್ಕಾಗಿ ಸುಮಾರು 14 ಸೆಂಟು ಇಳಿಸಬೇಕು. ಎರಡು: ಸ್ವರವನ್ನು ಜಾರಿಸುವ ಚಕ್ರ, ಅಂದರೆ ಪಿಚ್ ಬೆಂಡ್, ಇದೆಯೆ? ಸಾಮಾನ್ಯವಾಗಿ ಅದು ಮೇಲೆ ಎರಡು, ಕೆಳಗೆ ಎರಡು ಮಣೆಗಳಷ್ಟು ಜಾರುವಂತೆ ಇಟ್ಟಿರುತ್ತಾರೆ. ಅದನ್ನು ಹೆಚ್ಚು ಕಡಿಮೆ ಮಾಡಲು ಬರಬೇಕು. ಮೂರು: ಮಣೆ ಮೆಲ್ಲಗೆ ಒತ್ತಿದಾಗ ಮೆಲ್ಲಗೆ, ಜೋರಾಗಿ ಒತ್ತಿದಾಗ ಜೋರಾಗಿ ನುಡಿಯುತ್ತದೆಯೆ? ನಾಲ್ಕು: ಗಣಕಯಂತ್ರಕ್ಕೆ ಜೋಡಿಸಲು ಮಿಡಿ ಅಥವಾ ಯು.ಎಸ್.ಬಿ. ಕಿಂಡಿ ಇದೆಯೆ? 1983ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ಸಂಕೇತಪದ್ಧತಿಯಿಂದ ಬೇರೆ ಬೇರೆ ಕಂಪನಿಗಳ ಯಂತ್ರಗಳೂ ತಮ್ಮೊಳಗೆ ಮಾತಾಡಿಕೊಳ್ಳುತ್ತವೆ. ಮನೆಯ ಕೆಲಸಕ್ಕೆ 49 ಅಥವಾ 61 ಮಣೆಗಳು ಧಾರಾಳ ಸಾಕು.

ಕಡೆಯ ಪರೀಕ್ಷೆ ನಿಮ್ಮ ಕಂಠದಿಂದಲೇ ಆಗಬೇಕು. ಶ್ರುತಿಪೆಟ್ಟಿಗೆಯನ್ನು ಹಚ್ಚಿ ನಿಮಗೆ ಹೊಂದುವ ಷಡ್ಜವನ್ನು ಹಾಡಿ. ಅದು ಬಿಳಿ ಒಂದಕ್ಕೂ ಕಪ್ಪು ಒಂದಕ್ಕೂ ನಡುವೆ ಎಲ್ಲಿಯೋ ಇದ್ದರೆ ಯಂತ್ರ ಅಲ್ಲಿಗೆ ಬರಬೇಕೇ ಹೊರತು ನೀವು ಯಂತ್ರದ ಬಳಿಗೆ ಹೋಗಬೇಕಾದುದಿಲ್ಲ. ಯಕ್ಷಗಾನದಲ್ಲಿ ಭಾಗವತರ ಶ್ರುತಿಗೆ ಮದ್ದಳೆಯನ್ನು ಹೊಂದಿಸುತ್ತಾರೆ. ಮದ್ದಳೆಗಾಗಿ ಭಾಗವತರು ಗಂಟಲನ್ನು ಬದಲಿಸುವುದಿಲ್ಲ. ಅದೇ ನ್ಯಾಯ ಇಲ್ಲಿಯೂ.

ಮುದ್ರಣದ ಸಲಕರಣೆ

ತಂದೆಯ ತಾಳಮದ್ದಳೆಗೆ ಬೇಕಾದುದು ಧ್ವನಿಯನ್ನು ಹಿಡಿಯುವ ಸಲಕರಣೆ. ಮೈಕುಗಳಲ್ಲಿ ಎರಡು ಜಾತಿ. ಕಂಡೆನ್ಸರ್ ಮೈಕು ಬಲು ಸೂಕ್ಷ್ಮ. ಸಾಮಾನ್ಯವಾಗಿ ಅದಕ್ಕೆ ಹೊರಗಿನಿಂದ 48 ವೋಲ್ಟಿನ ವಿದ್ಯುತ್ತನ್ನು ಉಣಿಸಬೇಕು. ಡೈನಮಿಕ್ ಮೈಕು ಅಷ್ಟು ಸೂಕ್ಷ್ಮವಲ್ಲ, ಆದರೆ ಗಟ್ಟಿ. ಮಾಡಿಗೆ ಬೀಳುವ ಮಳೆ, ಅಂಗಳದ ಕಪ್ಪೆ, ಅಡಿಗೆಮನೆಯ ಪಾತ್ರೆ ಎಲ್ಲವನ್ನೂ ಕಂಡೆನ್ಸರ್ ಭಕ್ತಿಯಿಂದ ಕೇಳಿಸಿಕೊಳ್ಳುತ್ತದೆ. ತೇವವನ್ನೂ ಅದು ಸಹಿಸದು. ಆದುದರಿಂದ ನಮ್ಮ ಮಲೆನಾಡಿನ ಮನೆಗೆ ಮೊದಲ ಮೈಕಾಗಿ ಡೈನಮಿಕ್ಕೇ ಲೇಸು. ಅದನ್ನು ಭಾಗವತರ ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿ ಇಡಬೇಕು. ಮದ್ದಳೆಗೂ ಒಂದು ಮೈಕು ಇಡುವುದಾದರೆ, ಮೈಕಿನಿಂದ ವಾದ್ಯಕ್ಕಿರುವ ದೂರದ ಮೂರು ಪಟ್ಟಾದರೂ ಅಂತರ ಎರಡು ಮೈಕುಗಳ ನಡುವೆ ಇರಲಿ. ಇಲ್ಲವಾದರೆ ಒಂದೇ ಪೆಟ್ಟು ಎರಡು ಕಡೆ ಹೊಕ್ಕು ಧ್ವನಿ ಟೊಳ್ಳಾಗುತ್ತದೆ. ಶ್ರುತಿಪೆಟ್ಟಿಗೆ ಗಾಯಕರ ಹಿಂಬದಿಯಲ್ಲಿರಲಿ. ಮೈಕಿನ ಮುಂದೆ ಇಟ್ಟರೆ ಶ್ರುತಿಯೇ ಪದ್ಯವಾಗಿ ಕೇಳಿಸೀತು.

ಮೈಕಿನ ಧ್ವನಿಯನ್ನು ಅಂಕೆಗಳಾಗಿಸಿ ಗಣಕಯಂತ್ರಕ್ಕೆ ದಾಟಿಸುವ ಪೆಟ್ಟಿಗೆಗೆ ಆಡಿಯೋ ಇಂಟರ್‌ಫೇಸ್ ಎನ್ನುತ್ತಾರೆ. ಎರಡು ಮೈಕು ಹಿಡಿಸುವ, 24 ಬಿಟ್ಟಿನಲ್ಲಿ ಮುದ್ರಿಸುವ ಒಂದು ಪೆಟ್ಟಿಗೆ ಸಾಕು. ಮಾಪಕದ ಸೂಚಿ ಸೊನ್ನೆಯನ್ನು ಮುಟ್ಟಿದರೆ ಧ್ವನಿ ಒಡೆಯುತ್ತದೆ. ಹಾಗೆ ಒಡೆದುದನ್ನು ಕೂಡಿಸುವುದು ಕಷ್ಟ. ಆದುದರಿಂದ ಅತಿ ಏರಿದ ಪದ್ಯದಲ್ಲಿಯೂ ಸೂಚಿ ಸೊನ್ನೆಗಿಂತ 12 ಡೆಸಿಬೆಲ್ ಕೆಳಗೇ ನಿಲ್ಲುವಂತೆ ಇಡಬೇಕು. ‘ಸಣ್ಣದಾಯಿತಲ್ಲ’ ಎಂಬ ಚಿಂತೆ ಬೇಡ. 24 ಬಿಟ್ಟಿನಲ್ಲಿ ಆಮೇಲೆ ಏರಿಸಲು ಬೇಕಾದಷ್ಟು ಅವಕಾಶವಿರುತ್ತದೆ.

ಮೊದಲೇ ಮುದ್ರಿಸಿದ್ದರ ಮೇಲೆ ಇನ್ನೊಂದನ್ನು ನುಡಿಸುವಾಗ ಗಣಕಯಂತ್ರ ಕೊಂಚ ತಡಮಾಡುವುದುಂಟು. ಸೆಕೆಂಡಿಗೆ 48,000 ಮಾದರಿಗಳನ್ನು ತೆಗೆಯುವ ಯಂತ್ರ 256 ಮಾದರಿಗಳನ್ನು ಕೂಡಿಟ್ಟು ಕಳಿಸಿದರೆ ಆ ಒಂದು ಹಂತದಲ್ಲಿ ಸುಮಾರು 5 ಮಿಲಿಸೆಕೆಂಡು ತಡ. ಅಷ್ಟರಲ್ಲಿ ಗಾಳಿಯಲ್ಲಿ ಧ್ವನಿ ಆರು ಅಡಿ ಹೋಗುತ್ತದೆ. ಮದ್ದಳೆಯವರು ಆರು ಅಡಿ ದೂರ ಕುಳಿತಂತಾಯಿತು, ಬಾಧೆಯಿಲ್ಲ. ಅದೇ 1,024 ಮಾದರಿಗಳಾದರೆ ಇಪ್ಪತ್ತನಾಲ್ಕು ಅಡಿ ದೂರ ಕುಳಿತಂತೆ. ತಾಳ ಹಿಡಿಯುವುದು ಕಷ್ಟವಾಗುತ್ತದೆ. ತಂತಿಯಿಲ್ಲದ ಹೆಡ್‌ಫೋನುಗಳಲ್ಲಿ ತಡ ನೂರು ಮಿಲಿಸೆಕೆಂಡನ್ನು ಮೀರುವುದೂ ಉಂಟು. ಆದುದರಿಂದ ಲಯದ ಕೆಲಸಕ್ಕೆ ತಂತಿಯ ಹೆಡ್‌ಫೋನೇ ಯೋಗ್ಯ.

ಮಳೆ, ಮಿಂಚು, ಗುಂಯ್‌ಗುಡುವಿಕೆ

ಯಲ್ಲಾಪುರದಂಥ ಊರಿನಲ್ಲಿ ಯಂತ್ರಕ್ಕೆ ಶತ್ರುಗಳು ಎರಡು: ತೇವ ಮತ್ತು ಮಿಂಚು. ಆಷಾಢ ಶ್ರಾವಣಗಳಲ್ಲಿ ತೇವ ಒಳಹೊಕ್ಕು, ತಿರುಪುಗಳನ್ನು ತಿರುಗಿಸಿದಾಗ ಕರಕರ ಸದ್ದು ಬರತೊಡಗುತ್ತದೆ. ಬಳಸದಿರುವಾಗ ಮುಚ್ಚುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಮೈಕನ್ನು ಇಡಿ. ಕೀಬೋರ್ಡನ್ನು ಗೋಡೆಗೆ ತಾಗಿಸದೆ ಇಟ್ಟು, ವಾರಕ್ಕೆರಡು ಬಾರಿಯಾದರೂ ನುಡಿಸಿ. ಗುಡುಗು ದೂರದಲ್ಲಿ ಕೇಳಿಸಿದೊಡನೆ ಗುಂಡಿ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು.

ಮೂರನೆಯ ಕಾಟವೊಂದುಂಟು. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಆಂದೋಲಿಸುತ್ತದೆ. ಅದು ಧ್ವನಿವರ್ಧಕದೊಳಗೆ ನುಸುಳಿದರೆ 50, 100 ಕಂಪನಗಳ ಗುಂಯ್ ಎಂಬ ನಾದ ಕೇಳಿಸುತ್ತದೆ. ಸ್ವರದ ಲೆಕ್ಕದಲ್ಲಿ ಇದು ಬಿಳಿ ಐದಕ್ಕೂ ಕಪ್ಪು ನಾಲ್ಕಕ್ಕೂ ನಡುವೆ ಬೀಳುತ್ತದೆ. ಎಂದರೆ ಯಾರೂ ಕರೆಯದ ಒಂದು ಸುಳ್ಳು ಶ್ರುತಿ ನಿಮ್ಮ ಶ್ರುತಿಯೊಡನೆ ಕಾದಾಡುತ್ತಿರುತ್ತದೆ. ಇದನ್ನು ತಡೆಯಲು ಎಲ್ಲ ಯಂತ್ರಗಳಿಗೂ ಒಂದೇ ಹಲಗೆಯಿಂದ ವಿದ್ಯುತ್ತು ಕೊಡಿ. ಮೈಕಿನ ತಂತಿಯನ್ನು ವಿದ್ಯುತ್ ತಂತಿಯ ಪಕ್ಕಪಕ್ಕ ಎಳೆಯಬೇಡಿ. ಗುಂಯ್‌ಗುಡುವುದು ನಿಲ್ಲಲೆಂದು ಕೆಲವರು ಪ್ಲಗ್ಗಿನ ಅರ್ಥಿಂಗ್ ಕಡ್ಡಿಯನ್ನು ತೆಗೆದುಹಾಕುತ್ತಾರೆ. ಇದು ಪ್ರಾಣಕ್ಕೆ ಅಪಾಯ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಕುಳಿತು ಲೋಹದ ಮೈಕನ್ನು ಹಿಡಿಯುವವರು ಇದನ್ನು ಎಂದೂ ಮಾಡಬಾರದು. ಬ್ಯಾಟರಿಯಿಂದ ನಡೆಯುವ ಮುದ್ರಣಯಂತ್ರ ಮತ್ತು ಶ್ರುತಿಪೆಟ್ಟಿಗೆಗಳಲ್ಲಿ ಈ ತೊಂದರೆ ಬಹಳ ಕಡಿಮೆ. ವಿದ್ಯುತ್ತು ಹೋದರೂ ಪದ್ಯ ನಡುವೆ ನಿಲ್ಲುವುದಿಲ್ಲ.

ಹೀಗೆ ಲೆಕ್ಕ ಹಾಕಿದರೆ ಒಂದೇ ಗಂಟಿನ ಹಣದಲ್ಲಿ ಮೂವರ ಆಸೆಯೂ ನಡೆಯುವುದು ಸಾಧ್ಯ. ಮೊದಲು ಒಂದು ಒಳ್ಳೆಯ ಶ್ರುತಿಪೆಟ್ಟಿಗೆ. ಆಮೇಲೆ ಡೈನಮಿಕ್ ಮೈಕು, ಎರಡು ಕಿಂಡಿಯ ಪೆಟ್ಟಿಗೆ, ಹೆಡ್‌ಫೋನು. ಉಳಿದುದರಲ್ಲಿ ಸ್ವರಸ್ಥಾನ ತಿದ್ದಲು ಬರುವ ಕೀಬೋರ್ಡು. ಹಣ ಸಾಲದಿದ್ದರೆ ಕೀಬೋರ್ಡು ಮುಂದಿನ ಅಡಿಕೆ ಕೊಯ್ಲಿನ ತನಕ ಕಾಯಲಿ. ಅಲ್ಲಿಯವರೆಗೆ ಗಣಕಯಂತ್ರದ ತಂತ್ರಾಂಶದಲ್ಲಿಯೇ ಮಗ ಆಂದೋಲಕ, ಶೋಧಕಗಳ ಪಾಠ ಕಲಿಯಬಹುದು. ಭಾಗವತರ ಪದ್ಯವನ್ನು ಮುದ್ರಿಸಿ ಅದಕ್ಕೆ ಯಂತ್ರದ ಸ್ವರ ಕೂಡಿಸುವ ಉತ್ಸಾಹ ಅವನಿಗೆ ಬರಬಹುದು, ಬರಲಿ. ಆದರೆ ಅವರ ಒಪ್ಪಿಗೆ ಪಡೆದು, ಹೆಸರು ಹೇಳಿ ಮಾಡಲಿ. ಹಾಡನ್ನು ಯಂತ್ರದ ಅಳತೆಗೆ ಕತ್ತರಿಸದೆ, ಯಂತ್ರವನ್ನೇ ಹಾಡಿನ ಶ್ರುತಿಗೆ ತರಲಿ.

ಯಂತ್ರ ನಿಮಗೆ ಸೇವಕನೋ ಯಜಮಾನನೋ ಎಂದು ತಿಳಿಯಲು ಒಂದು ಸುಲಭದ ಉಪಾಯವುಂಟು. ಶ್ರುತಿ ಹಚ್ಚಿ ಹಾಡಲು ತೊಡಗಿರಿ. ನಡುವೆ ಅದನ್ನು ನಿಲ್ಲಿಸಿ, ಎರಡು ನಿಮಿಷ ಹಾಗೆಯೇ ಹಾಡುತ್ತ ಹೋಗಿ, ಮತ್ತೆ ಹಚ್ಚಿರಿ. ನಿಮ್ಮ ಷಡ್ಜ ಇದ್ದಲ್ಲಿಯೇ ಇದ್ದರೆ ಯಂತ್ರ ತನ್ನ ಕೆಲಸವನ್ನು ಸರಿಯಾಗಿ ಮಾಡಿದೆ. ಜಾರಿದ್ದರೆ ಹೊಸ ಯಂತ್ರ ಬೇಡ. ನಾಳೆ ಬೆಳಿಗ್ಗೆ ಇನ್ನರ್ಧ ಗಂಟೆ ಹೆಚ್ಚು ಹಾಡಿದರೆ ಸಾಕು.