ಹಸಿರಾಗಿ ನಿಂತ ಗೊಡ್ಡು ತೊಗರಿ

ಡಿಸೆಂಬರಿನಲ್ಲಿ ಕಲಬುರಗಿ ಸೀಮೆಯ ತೊಗರಿ ಹೊಲಗಳಲ್ಲಿ ಕಾಯಿ ಬಲಿತು, ಗಿಡಗಳು ಕಂದು ಬಣ್ಣಕ್ಕೆ ತಿರುಗುತ್ತಿರುತ್ತವೆ. ನಡುನಡುವೆ ಅಲ್ಲೊಂದು ಇಲ್ಲೊಂದು ಗಿಡ ಮಾತ್ರ ಪೊದೆಯಂತೆ ಹರಡಿಕೊಂಡು ಎಳೆಹಸಿರಾಗಿ ನಿಂತಿರುತ್ತದೆ. ಹೊಸಬರ ಕಣ್ಣಿಗೆ ಹೊಲಕ್ಕೆಲ್ಲ ಅದೇ ಸೊಗಸಾದ ಗಿಡ. ಕೊಂಬೆ ಬಗ್ಗಿಸಿ ನೋಡಿದರೆ ಹೂವೂ ಇಲ್ಲ, ಕಾಯಿಯೂ ಇಲ್ಲ. ರೈತರು ಇದನ್ನು ಗೊಡ್ಡು ರೋಗ ಎನ್ನುತ್ತಾರೆ.

ಗುರುತು ಹಿಡಿಯಲು ಒಂದು ಎಲೆ ಸಾಕು. ಕಿತ್ತು ಬೆಳಕಿಗೆ ಹಿಡಿದರೆ ಕಡುಹಸಿರು, ತಿಳಿಹಸಿರು ತೇಪೆ ಹಾಕಿದಂತೆ ಕಾಣುತ್ತವೆ. ಎಲೆಯ ಗಾತ್ರವೂ ಕಿರಿದು. ಸಾರಜನಕ ಕಡಿಮೆಯಾದ ಗಿಡವೂ ಬಿಳಚಿಕೊಳ್ಳುತ್ತದೆ, ಆದರೆ ಅಲ್ಲಿ ಹಳೆಯ ಎಲೆಗಳು ಒಂದೇ ಸಮನೆ ಹಳದಿಯಾಗುತ್ತವೆ, ತೇಪೆ ಇರುವುದಿಲ್ಲ. ಹೆಸರು, ಉದ್ದಿನ ಎಲೆಗಳ ಮೇಲೆ ಅರಿಸಿನ ಚೆಲ್ಲಿದಂತೆ ಕಾಣುವ ಹಳದಿ ನಂಜು ರೋಗ ಬೇರೆ. ಅದನ್ನು ಹರಡುವುದು ಬಿಳಿ ನೊಣ.

ಗೊಡ್ಡು ರೋಗ ಮೊದಲು ವರದಿಯಾದದ್ದು 1931ರಲ್ಲಿ, ಬಿಹಾರದ ಪೂಸಾದಿಂದ. ಅದನ್ನು ಹೊತ್ತು ತಿರುಗುವುದು ನುಸಿ ಎಂದು ತಿಳಿದದ್ದು 1962ರಲ್ಲಿ. ರೋಗಕ್ಕೆ ಕಾರಣವಾದ ವೈರಸ್ಸೇ ಕೈಗೆ ಸಿಗಲು 2000ದ ಆಸುಪಾಸಿನವರೆಗೆ ಕಾಯಬೇಕಾಯಿತು. ಈ ರೋಗ ಬೀಜದಿಂದ ಬರುವುದಿಲ್ಲ. ಎಲೆಯ ರಸ ಹಿಂಡಿ ಇನ್ನೊಂದು ತೊಗರಿ ಗಿಡಕ್ಕೆ ಸವರಿದರೂ ಅಂಟುವುದಿಲ್ಲ. ನುಸಿಯೇ ದಾಟಿಸಬೇಕು. ಹಾಗಾಗಿ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತಳಿಗಳನ್ನು ಪರೀಕ್ಷಿಸಲು ಸರಳ ಉಪಾಯ ಹೂಡಿದರು: ರೋಗದ ಎಲೆಯನ್ನು ಎಳೆ ಸಸಿಯ ಎಲೆಗೆ ಕಾಗದ ಜೋಡಿಸುವ ಸ್ಟೇಪ್ಲರ್‌ನಿಂದ ಪಿನ್ ಹೊಡೆದು ಸೇರಿಸುವುದು. ಕಿತ್ತ ಎಲೆ ಒಣಗುತ್ತಿದ್ದಂತೆ ನುಸಿಗಳು ಹಸಿ ಎಲೆಗೆ ಹರಿಯುತ್ತವೆ, ವೈರಸ್ಸನ್ನೂ ಒಯ್ಯುತ್ತವೆ.

ಈ ನುಸಿ, ತೆಂಗಿನಕಾಯಿಯ ಮೈಯನ್ನು ಒರಟಾಗಿಸುವ ನುಸಿಯ ಹತ್ತಿರದ ನೆಂಟ. ಉದ್ದ ಸುಮಾರು 0.2 ಮಿಲಿಮೀಟರ್, ಕಾಲು ನಾಲ್ಕೇ. ರೆಕ್ಕೆಯಿಲ್ಲ, ಗಾಳಿಯೇ ವಾಹನ. ತೊಗರಿ ಮತ್ತು ಅದರ ಕಾಡು ಬಂಧುಗಳನ್ನು ಬಿಟ್ಟರೆ ಇದಕ್ಕೆ ಬೇರೆ ಮನೆಯಿಲ್ಲ.

ವೈರಸ್ ಹೊಕ್ಕ ಗಿಡಕ್ಕೆ ಮದ್ದಿಲ್ಲ. ಬಿತ್ತಿದ 45 ದಿನದೊಳಗೆ ತಗುಲಿದರೆ ಆ ಗಿಡದ ಫಸಲು ಹೆಚ್ಚುಕಡಿಮೆ ಪೂರ್ತಿ ಹೋದಂತೆ. ತಡವಾಗಿ ಬಂದರೆ ಕೆಲವು ಕೊಂಬೆಗಳಷ್ಟೇ ಗೊಡ್ಡಾಗಬಹುದು. ಆದ್ದರಿಂದ ಮೊದಲ ಆಯ್ಕೆ ರೋಗ ತಡೆಯುವ ತಳಿ. ಇಲ್ಲೂ ಎಚ್ಚರ ಬೇಕು. ನೆಟೆ ರೋಗಕ್ಕೆ ಜಗ್ಗದೆ ಹೆಸರು ಮಾಡಿದ 'ಮಾರುತಿ' ತಳಿ ಗೊಡ್ಡು ರೋಗಕ್ಕೆ ಸುಲಭದ ತುತ್ತು. ಬಿ.ಎಸ್.ಎಂ.ಆರ್-736ರಂಥ ತಳಿಗಳು ಇದನ್ನು ತಾಳಿಕೊಳ್ಳುತ್ತವೆ. ಆದರೂ ಹೈದರಾಬಾದ್ ಕಡೆಯ ರೋಗಾಣುವನ್ನು ತಡೆದ ಎಷ್ಟೋ ತಳಿಗಳು ಬೆಂಗಳೂರು ಕಡೆಯ ಉಗ್ರ ಬಗೆಗೆ ಮಣಿದಿವೆ. ಬೀಜ ಕೊಳ್ಳುವ ಮುನ್ನ ನಮ್ಮ ಸೀಮೆಗೆ ಯಾವುದು ಒಗ್ಗಿದೆ ಎಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳುವುದು ಅದಕ್ಕೇ.

ಎಳೆಯದರಲ್ಲೇ ತೇಪೆ ಎಲೆ ಕಂಡ ಸಸಿಯನ್ನು ಕಿತ್ತು ಹೊಲದಿಂದಾಚೆ ಹೂಳಬೇಕು ಇಲ್ಲವೇ ಸುಡಬೇಕು. ನುಸಿ ಕೀಟವಲ್ಲ, ಜೇಡದ ಬಳಗದ್ದು. ಹಾಗಾಗಿ ಕಾಯಿಕೊರಕದ ಔಷಧಿಯನ್ನೇ ಇದಕ್ಕೂ ಹೊಡೆದರೆ ದುಡ್ಡು ದಂಡ. ಸಿಂಪಡಿಸಲೇಬೇಕೆಂದರೆ ನುಸಿನಾಶಕವನ್ನೇ ಕೇಳಿ ತರಬೇಕು.

ಕೊನೆಯ ಕೆಲಸ ರಾಶಿ ಮುಗಿದ ಮೇಲಿನದು. ಹಸಿ ಕಾಯಿ ಅಡುಗೆಗಾಗಲಿ ಎಂದು ಬದುವಿನಲ್ಲಿ ಬಿಟ್ಟ ಒಂದೆರಡು ಗಿಡ, ಕೊಯ್ದ ಬುಡದಿಂದ ಚಿಗುರಿದ ಕೂಳೆ ತೊಗರಿ, ಒಣಗದೆ ಉಳಿದ ಗೊಡ್ಡು ಗಿಡ — ಬೇಸಿಗೆ ಕಳೆಯಲು ನುಸಿಗೆ ಹೆಚ್ಚಾಗಿ ಇವೇ ಆಸರೆ. ಮುಂಗಾರಿಗೆ ಹೊಸ ಸಸಿ ಎದ್ದಾಗ ಗಾಳಿ ಅಲ್ಲಿಂದಲೇ ಬೀಸುತ್ತದೆ. ಎಲ್ಲ ಒಣಗಿದ ಹೊಲದಲ್ಲಿ ಹಸಿರು ಹುಡುಕುವುದು ಕಷ್ಟವಲ್ಲ. ಸೊಗಸಾಗಿದೆಯಲ್ಲ ಎಂದು ಕೈ ತಡೆಯದೆ, ಬೇರುಸಮೇತ ಕಿತ್ತರಾಯಿತು.